ಒಲೆ ಹಚ್ಚದ ಬೇಸಿಗೆಯ ಸಂಜೆಯೂಟ: ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ಮನೆಗಳಿಗೆ

ರಾತ್ರಿ ಭೋಜನ ತ್ಯಾಗ ಜೈನ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ನಿಯಮ. ದಿಗಂಬರರಲ್ಲಿ ಇದು ಶ್ರಾವಕಾಚಾರದ ಭಾಗ. ಶ್ವೇತಾಂಬರರಲ್ಲಿ ನೀರನ್ನೂ ಬಿಡುವ ಚೌವಿಹಾರವಾಗಿ ಬಳಕೆಯಲ್ಲಿದೆ. ಇಂದಿಗೂ ಬಹಳಷ್ಟು ಮನೆಗಳಲ್ಲಿ ಹಿರಿಯರು ಇದನ್ನು ಬಿಡದೆ ನಡೆಸುತ್ತಾರೆ. ನಡುವಯಸ್ಸಿನವರು ಮತ್ತು ಮಕ್ಕಳ ಮಟ್ಟಿಗೆ ಮಾತ್ರ ನಿಯಮ ಸಡಿಲವಾಗುತ್ತಿದೆ. ವಿಚಾರಿಸಿ ನೋಡಿದರೆ ಶ್ರದ್ಧೆ ಇಲ್ಲದೆ ಬಿಟ್ಟವರು ಕಡಿಮೆ. ಸಂಜೆ ಐದೂವರೆಗೆ ಊಟ ಸಿದ್ಧವಾಗುವುದಿಲ್ಲ ಎಂಬುದೇ ಹೆಚ್ಚಿನ ಮನೆಗಳ ತೊಂದರೆ.

ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಪೇಟೆ ಬೀದಿಯ ಅಂಗಡಿಗಳಿಗೆ ಸಂಜೆಯೇ ವ್ಯಾಪಾರದ ಹೊತ್ತು. ಕೆಲಸಕ್ಕೆಂದು ಮೈಸೂರಿಗೆ ಹೋಗುವವರು ನಂಜನಗೂಡಿಗೆ ಸುಮಾರು 25 ಕಿ.ಮೀ., ತಿ. ನರಸೀಪುರಕ್ಕೆ 30 ಕಿ.ಮೀ. ಆಸುಪಾಸು ಬಸ್ಸಿನಲ್ಲೋ ರೈಲಿನಲ್ಲೋ ಹಿಂತಿರುಗಬೇಕು. ಮಾರ್ಚ್‌ನಿಂದ ಮೇವರೆಗೆ ಇದರ ಜೊತೆಗೆ ಸೆಕೆ. ಮಧ್ಯಾಹ್ನವೆಲ್ಲ ಕಾದ ಮನೆಯಲ್ಲಿ ನಾಲ್ಕೂವರೆಗೆ ಮತ್ತೆ ಒಲೆ ಹಚ್ಚುವುದು ಅಡುಗೆ ಮಾಡುವವರಿಗೆ ಕಷ್ಟ. ಅಡುಗೆ ತಡವಾದ ದಿನ ಹಿರಿಯರು ಬರೀ ಹಾಲು ಕುಡಿದು ಮಲಗುತ್ತಾರೆ, ಮಕ್ಕಳು ಎಂಟು ಗಂಟೆಗೆ ಉಣ್ಣುತ್ತಾರೆ. ಒಂದೇ ಮನೆಯಲ್ಲಿ ಎರಡು ಪದ್ಧತಿ ಶುರುವಾಗುವುದು ಹೀಗೆ.

ಒಲೆ ಹಚ್ಚದೆ ಇಪ್ಪತ್ತು ನಿಮಿಷದಲ್ಲಿ ಹೊಂದಿಸುವ ಸಂಜೆಯೂಟ ಇದಕ್ಕೆ ಒಳ್ಳೆಯ ಉಪಾಯ. ಅವಲಕ್ಕಿ, ಪುರಿ, ಹುರಿಹಿಟ್ಟು, ಹೆಸರುಬೇಳೆ, ಮೊಸರು, ಬಾಳೆಹಣ್ಣು, ಬೆಲ್ಲ, ತೆಂಗಿನಕಾಯಿ ಇವೆಲ್ಲ ಮೈಸೂರು ಸೀಮೆಯ ಮನೆಗಳಲ್ಲಿ ಮೊದಲಿನಿಂದಲೂ ಇರುವ ಪದಾರ್ಥಗಳು. ಹೊಸದಾಗಿ ಕಲಿಯಬೇಕಾದ್ದು ಹೆಚ್ಚಿಲ್ಲ. ಯಾವುದನ್ನು ಯಾವುದರ ಜೊತೆ ಸೇರಿಸಬೇಕು, ಯಾವುದನ್ನು ಬೆಳಿಗ್ಗೆಯೇ ಮಾಡಿಡಬೇಕು ಎಂಬುದನ್ನು ತಿಳಿದುಕೊಂಡರೆ ಸಾಕು.

ನಿಯಮದ ಹಿನ್ನೆಲೆ

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಹನ್ನೊಂದು ಪ್ರತಿಮೆಗಳ ಪೈಕಿ ಆರನೆಯದು ರಾತ್ರಿಭುಕ್ತಿ ತ್ಯಾಗ. ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕು ಬಗೆಯ ಆಹಾರವನ್ನೂ ರಾತ್ರಿ ಬಿಡುವುದು ಅದರ ಅರ್ಥ. ಆಚಾರ್ಯ ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯವೂ ರಾತ್ರಿ ಊಟವನ್ನು ಹಿಂಸೆಯ ದೃಷ್ಟಿಯಿಂದಲೇ ವಿಚಾರ ಮಾಡುತ್ತದೆ. ಕತ್ತಲಲ್ಲಿ ಸಣ್ಣ ಜೀವಿಗಳು ಕಣ್ಣಿಗೆ ಬೀಳುವುದಿಲ್ಲ, ದೀಪದ ಬೆಳಕಿಗೆ ಹುಳುಗಳು ಬರುತ್ತವೆ, ಅವು ಆಹಾರದಲ್ಲಿ ಬೀಳುತ್ತವೆ ಎಂಬುದು ಹಿರಿಯರು ಹೇಳುವ ಸರಳ ಕಾರಣ. ಬೇಸಿಗೆ ಕೊನೆಗೆ ಮೊದಲ ಮಳೆ ಬಿದ್ದ ಸಂಜೆ ದೀಪದ ಕೆಳಗೆ ಊಟಕ್ಕೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಸಲು ಹುಳುಗಳೇ ತಟ್ಟೆಗೆ ಬಂದು ಬೀಳುತ್ತವೆ.

ಈ ಸೀಮೆಗೆ ಶ್ರಾವಕಾಚಾರ ಹೊಸದಲ್ಲ. ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಗಂಗರ ಮಂತ್ರಿಯಾಗಿ, ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಕನ್ನಡದಲ್ಲಿ 978ರಲ್ಲಿ ಚಾವುಂಡರಾಯ ಪುರಾಣವನ್ನು ಬರೆದದ್ದು ಎಲ್ಲರಿಗೂ ಗೊತ್ತು. ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ಹೇಳುವ ಚಾರಿತ್ರಸಾರ ಎಂಬ ಸಂಸ್ಕೃತ ಗ್ರಂಥವೂ ಅವನದೇ.

ಹೊತ್ತಿನ ಲೆಕ್ಕ

ನಂಜನಗೂಡು, ತಿ. ನರಸೀಪುರ ಭಾಗದಲ್ಲಿ ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ ಸೂರ್ಯಾಸ್ತ ಸಂಜೆ 6:30ರಿಂದ 6:45ರೊಳಗೆ ಆಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಸುಮಾರು 6:35, ಮೇ ಮಧ್ಯದಲ್ಲಿ ಸುಮಾರು 6:40. ಡಿಸೆಂಬರ್ ಮೊದಲ ವಾರಗಳಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುವುದರಿಂದ, ಅದಕ್ಕೆ ಹೋಲಿಸಿದರೆ ಬೇಸಿಗೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಸಮಯ ಸಿಗುತ್ತದೆ.

ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಒಂದು ಘಳಿಗೆಗೆ 24 ನಿಮಿಷದಂತೆ ಎರಡು ಘಳಿಗೆ ಎಂದರೆ 48 ನಿಮಿಷ. ಆ ಲೆಕ್ಕದಲ್ಲಿ ಬೇಸಿಗೆಯಲ್ಲಿ 5:45ರಿಂದ 5:55ರ ಒಳಗೆ ಕೈ ತೊಳೆಯಬೇಕು. ಸೂರ್ಯಾಸ್ತದವರೆಗೂ ಊಟ ಮಾಡುವ ಮನೆಗಳಿಗೆ 6:30 ಕೊನೆಯ ಹೊತ್ತು. ಊಟಕ್ಕೆ ಅರ್ಧ ಗಂಟೆ, ಹೊಂದಿಸುವುದಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಂಡರೆ ಮೊದಲ ಪದ್ಧತಿಯವರು ಐದು ಗಂಟೆಗೆ, ಎರಡನೆಯವರು 5:40ಕ್ಕೆ ಕೆಲಸಕ್ಕೆ ಕೈ ಹಾಕಬೇಕು. ಮನೆಯ ಕ್ಯಾಲೆಂಡರಿನಲ್ಲಿ ಅಥವಾ ಪಂಚಾಂಗದಲ್ಲಿ ಆ ವಾರದ ಸೂರ್ಯಾಸ್ತ ನೋಡಿ ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿದರೆ ದಿನಾ ಕೇಳುವ ಗೊಡವೆ ಇರುವುದಿಲ್ಲ.

ಒಲೆ ಇಲ್ಲದಿದ್ದರೂ ನೋಡಬೇಕಾದ ನಾಲ್ಕು ವಿಷಯ

ಬೇಯಿಸದ ಊಟ ಎಂದ ಮಾತ್ರಕ್ಕೆ ಶುದ್ಧವಾದ ಊಟ ಎಂದಾಗುವುದಿಲ್ಲ. ಬೇಯಿಸದ ಪದಾರ್ಥದಲ್ಲಿಯೇ ಹೆಚ್ಚು ಎಚ್ಚರಿಕೆ ಬೇಕು.

1. ನೀರು. ದಟ್ಟ ಬಟ್ಟೆಯಲ್ಲಿ ಸೋಸಿದ ನೀರಿನ ಮರ್ಯಾದೆ 48 ನಿಮಿಷ. ಲವಂಗ ಮುಂತಾದ್ದನ್ನು ಹಾಕಿ ಪ್ರಾಸುಕ ಮಾಡಿದ ನೀರಿಗೆ 6 ಗಂಟೆ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ ಎಂಬುದು ದಿಗಂಬರ ಮನೆಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಅವಲಕ್ಕಿ ತೊಳೆಯಲು, ಬೇಳೆ ನೆನೆಸಲು, ಪಾನಕಕ್ಕೆ, ಕುಡಿಯಲು ಎಲ್ಲಕ್ಕೂ ಬೆಳಿಗ್ಗೆ ಕುದಿಸಿ ಆರಿಸಿದ ನೀರನ್ನೇ ಬಳಸಿದರೆ ಸಂಜೆ ಮತ್ತೆ ಕಾಯಿಸುವ ಕೆಲಸವಿಲ್ಲ. ಹೊಟ್ಟೆ ಕೆಡುವ ಭಯವೂ ಕಡಿಮೆ.

2. ಕಂದಮೂಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿಡುವುದು ಎಲ್ಲರಿಗೂ ನೆನಪಿರುತ್ತದೆ. ಮರೆವಾಗುವುದು ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿಗಳ ವಿಷಯದಲ್ಲಿ. ಹೊರಗಿನ ಕೋಸಂಬರಿ, ಚುರುಮುರಿಗಳಲ್ಲಿ ಕ್ಯಾರೆಟ್ ತುರಿ ಇದ್ದೇ ಇರುತ್ತದೆ. ಹಸಿ ಶುಂಠಿಯ ಬದಲು ಒಣ ಶುಂಠಿಯ ಪುಡಿ ಬಳಸುವ ರೂಢಿ ಬಹಳ ಮನೆಗಳಲ್ಲಿದೆ.

3. ದ್ವಿದಳ. ಎರಡು ಹೋಳಾಗುವ ಬೇಳೆಕಾಳುಗಳನ್ನು ಹಸಿ ಮೊಸರು, ಮಜ್ಜಿಗೆಯೊಂದಿಗೆ ಸೇರಿಸಬಾರದು ಎಂಬುದು ನಿಯಮ. ಹೆಸರುಬೇಳೆ, ಕಡಲೆಬೇಳೆ, ಉದ್ದಿನಬೇಳೆ, ಹುರಿಗಡಲೆ ಎಲ್ಲವೂ ಇದರಲ್ಲಿ ಬರುತ್ತವೆ. ಕಡಲೆಕಾಯಿ ಬೀಜ, ಬಾದಾಮಿಗಳನ್ನು ದ್ವಿದಳವೆಂದು ಎಣಿಸುವುದರಲ್ಲಿ ಪರಂಪರೆಗಳ ನಡುವೆ ವ್ಯತ್ಯಾಸವಿದೆ. ಅವರವರ ಮನೆಯ ರೂಢಿ ಮತ್ತು ಗುರುಗಳ ಮಾತಿನಂತೆ ನಡೆಯುವುದು ಸರಿ.

4. ಮರ್ಯಾದೆ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಎಂಬ ಲೆಕ್ಕ ದಿಗಂಬರ ಪದ್ಧತಿಯಲ್ಲಿದೆ. ಹುರಿಹಿಟ್ಟು, ಮಸಾಲೆ ಪುಡಿಗಳನ್ನು ಒಮ್ಮೆಲೇ ತಿಂಗಳಿಗಾಗುವಷ್ಟು ಮಾಡಿಡದೆ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು.

ಇವುಗಳ ಜೊತೆಗೆ ಇನ್ನೆರಡು ಸಂಗತಿ. ಪಾನಕಕ್ಕೆ ಸಿಹಿಗಾಗಿ ಜೇನು ಹಾಕುವಂತಿಲ್ಲ, ಬೆಲ್ಲ ಸಾಕು. ಒಣಹಣ್ಣುಗಳಲ್ಲಿ ಅಂಜೂರ ಉದುಂಬರ ಜಾತಿಗೆ ಸೇರಿದ್ದರಿಂದ ಅದನ್ನು ಬಿಟ್ಟು ಖರ್ಜೂರ, ಒಣದ್ರಾಕ್ಷಿ ಬಳಸಬಹುದು. ಐಸನ್ನು ಅಭಕ್ಷ್ಯಗಳ ಪಟ್ಟಿಯಲ್ಲಿ ಎಣಿಸುವ ಮನೆಗಳಲ್ಲಿ ಮಣ್ಣಿನ ಹೂಜಿಯ ನೀರು ತಂಪಿಗೆ ಸಾಕಾಗುತ್ತದೆ.

ಬೆಳಗಿನ ಸಿದ್ಧತೆ

ಸಂಜೆ ಒಲೆ ಹಚ್ಚದಿರಬೇಕಾದರೆ ಬೆಳಗಿನ ಅಡುಗೆಯ ಜೊತೆಗೆ ಮೂರು ಕೆಲಸ ಮುಗಿಯಬೇಕು.

ಮೊದಲನೆಯದು ನೀರು. ನಾಲ್ಕು ಜನರ ಮನೆಗೆ ಸಂಜೆಯ ಊಟಕ್ಕೇ ಎರಡು ಲೀಟರ್ ಬೇಕು. ಕುಡಿಯುವ ನೀರು ಬೇರೆ. ಕುದಿಸಿ, ಆರಿಸಿ, ಮುಚ್ಚಿಡಬೇಕು.

ಎರಡನೆಯದು ಹಾಲು, ಮೊಸರು. ಬೆಳಿಗ್ಗೆ ಕಾಯಿಸಿದ ಹಾಲು ಉಗುರುಬೆಚ್ಚಗಾದಾಗ ಏಳು ಗಂಟೆಯ ಹೊತ್ತಿಗೆ ಹೆಪ್ಪು ಹಾಕಿದರೆ ಬೇಸಿಗೆಯ ಬಿಸಿಗೆ ಮಧ್ಯಾಹ್ನದೊಳಗೆ ಮೊಸರಾಗುತ್ತದೆ. ಹಿಂದಿನ ರಾತ್ರಿ ಹೆಪ್ಪು ಹಾಕಿದ ಮೊಸರು ಸಂಜೆಯ ಹೊತ್ತಿಗೆ ಹುಳಿಯಾಗಿರುತ್ತದೆ. ಬೆಳಗಿನ ಮೊಸರು ಸಿಹಿಯಾಗಿರುತ್ತದೆ, 24 ಗಂಟೆಯ ಮರ್ಯಾದೆಯೂ ಮೀರುವುದಿಲ್ಲ.

ಮೂರನೆಯದು ಒಣ ಪದಾರ್ಥ. ಜೀರಿಗೆ, ಮೆಣಸನ್ನು ಒಂದು ಚಮಚದಷ್ಟು ಹುರಿದು ಪುಡಿ ಮಾಡಿಟ್ಟುಕೊಂಡರೆ ಸಂಜೆ ಒಗ್ಗರಣೆ ಇಲ್ಲದಿದ್ದರೂ ರುಚಿ ಬರುತ್ತದೆ. ಒಗ್ಗರಣೆ ಬೇಕೇ ಬೇಕು ಎನ್ನುವವರು ಬೆಳಿಗ್ಗೆಯೇ ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿ ಸಣ್ಣ ಬಟ್ಟಲಲ್ಲಿ ಮುಚ್ಚಿಡಬಹುದು. ಮೊಸರಿನ ಪದಾರ್ಥಕ್ಕೆ ಹಾಕುವ ಒಗ್ಗರಣೆಗೆ ಉದ್ದಿನಬೇಳೆ, ಕಡಲೆಬೇಳೆ ಹಾಕಬಾರದು. ಮೊಸರವಲಕ್ಕಿಯಲ್ಲಿ ದ್ವಿದಳ ದೋಷ ಬರುವುದು ಹೆಚ್ಚಾಗಿ ಒಗ್ಗರಣೆಯ ಈ ಅರ್ಧ ಚಮಚ ಬೇಳೆಯಿಂದಲೇ.

ಮೊಸರಿನ ದಿನ, ಬೇಳೆಯ ದಿನ

ದ್ವಿದಳದ ಗೊಂದಲ ತಪ್ಪಿಸಲು ಸುಲಭ ದಾರಿ ದಿನಗಳನ್ನೇ ಹಂಚಿಕೊಳ್ಳುವುದು. ಮೊಸರು ಇರುವ ದಿನ ಬೇಳೆ ಇಲ್ಲ, ಬೇಳೆ ಇರುವ ದಿನ ಮೊಸರು, ಮಜ್ಜಿಗೆ ಇಲ್ಲ. ಹೀಗೆ ಮಾಡಿದರೆ ಕೋಸಂಬರಿ ತಿಂದ ಬಾಯಿಗೇ ಮಜ್ಜಿಗೆ ಕುಡಿಯುವ ಪ್ರಮಾದ ಆಗುವುದಿಲ್ಲ, ಮಕ್ಕಳಿಗೂ ನಿಯಮ ಬೇಗ ತಿಳಿಯುತ್ತದೆ. ಕೆಳಗಿನ ಅಳತೆಗಳೆಲ್ಲ ನಾಲ್ಕು ಜನರಿಗೆ.

ಮೊಸರವಲಕ್ಕಿ. ಮಧ್ಯಮ ಅವಲಕ್ಕಿ 300 ಗ್ರಾಂ, ಮೊಸರು ಮುಕ್ಕಾಲು ಲೀಟರ್, ಕಾಯಿಸಿ ಆರಿಸಿದ ಹಾಲು ಒಂದು ಲೋಟ, ಸೌತೆಕಾಯಿ ಒಂದು, ತೆಂಗಿನತುರಿ ಅರ್ಧ ಬಟ್ಟಲು, ಹಸಿಮೆಣಸಿನಕಾಯಿ ಎರಡು, ಕೊತ್ತಂಬರಿ ಸೊಪ್ಪು, ಉಪ್ಪು. ಅವಲಕ್ಕಿಯನ್ನು ಎರಡು ನೀರಿನಲ್ಲಿ ತೊಳೆದು ತೂತಿನ ಪಾತ್ರೆಯಲ್ಲಿ ಬಸಿದು ಹತ್ತು ನಿಮಿಷ ಬಿಡಬೇಕು. ಬೆರಳಲ್ಲಿ ಒತ್ತಿದರೆ ಮೆತ್ತಗಾಗಿರಬೇಕು, ಮುದ್ದೆಯಾಗಬಾರದು. ಮೊದಲು ಹಾಲು ಸೇರಿಸಿ, ಆಮೇಲೆ ಮೊಸರು, ಕೊನೆಗೆ ಉಪ್ಪು ಮತ್ತು ಉಳಿದದ್ದು. ಮೊದಲೇ ಹಾಲು ಹಾಕುವುದರಿಂದ ಅವಲಕ್ಕಿ ಹಾಲನ್ನು ಹೀರಿಕೊಳ್ಳುತ್ತದೆ, ಹುಳಿ ಹೆಚ್ಚಾಗುವುದಿಲ್ಲ. ದಾಳಿಂಬೆ ಕಾಳು, ಹೆಚ್ಚಿದ ದ್ರಾಕ್ಷಿ ಸೇರಿಸಿದರೆ ಮಕ್ಕಳಿಗೆ ಇಷ್ಟವಾಗುತ್ತದೆ. ತೆಳು ಅವಲಕ್ಕಿಯಾದರೆ ನೆನೆಸುವುದೇ ಬೇಡ, ನೀರು ಚಿಮುಕಿಸಿದರೆ ಸಾಕು.

ಹೆಸರುಬೇಳೆ ಕೋಸಂಬರಿ. ಹೆಸರುಬೇಳೆ 200 ಗ್ರಾಂ, ಎಳೆ ಸೌತೆಕಾಯಿ ಎರಡು, ತುರಿದ ಮಾವಿನಕಾಯಿ ನಾಲ್ಕು ಚಮಚ, ಅರ್ಧ ಹೋಳು ತೆಂಗಿನಕಾಯಿಯ ತುರಿ, ಹಸಿಮೆಣಸಿನಕಾಯಿ ಎರಡು, ಒಂದು ನಿಂಬೆಹಣ್ಣು, ಉಪ್ಪು. ಬೇಳೆಯನ್ನು ಆರಿಸಿ ತೊಳೆದು ಒಂದು ಗಂಟೆ ನೆನೆಸಿ ಪೂರ್ತಿ ಬಸಿಯಬೇಕು. ಕ್ಯಾರೆಟ್ಟಿನ ಜಾಗವನ್ನು ಈ ಕಾಲದಲ್ಲಿ ಸಿಗುವ ತೋತಾಪುರಿ ಮಾವಿನಕಾಯಿ ಚೆನ್ನಾಗಿ ತುಂಬುತ್ತದೆ. ಮಾವಿನಕಾಯಿ ಹುಳಿ ಇದ್ದರೆ ನಿಂಬೆಹಣ್ಣು ಅರ್ಧ ಸಾಕು. ಉಪ್ಪು ಹಾಕಿದ ಕೂಡಲೇ ನೀರು ಬಿಡುವುದರಿಂದ ತಟ್ಟೆ ಹಾಕುವಾಗಲೇ ಉಪ್ಪು ಬೆರೆಸಬೇಕು. ಮೊಳಕೆ ಕಾಳನ್ನು ಬಿಡುವ ಮನೆಗಳಿಗೆ ಸಿಪ್ಪೆ ತೆಗೆದು ಒಡೆದ ಬೇಳೆಯಿಂದ ತೊಂದರೆ ಇಲ್ಲ. ಒಡೆದ ಬೇಳೆ ಮೊಳಕೆ ಬರುವುದಿಲ್ಲ.

ಹುಳಿ ಅವಲಕ್ಕಿ. ಬರೀ ಕೋಸಂಬರಿಯಿಂದ ಹೊಟ್ಟೆ ತುಂಬುವುದಿಲ್ಲ, ಅದರ ಜೊತೆಗೆ ಇದು ಬೇಕು. ದಪ್ಪ ಅವಲಕ್ಕಿ 300 ಗ್ರಾಂ ಮಿಕ್ಸಿಯಲ್ಲಿ ರವೆಯಂತೆ ಒಡೆದುಕೊಳ್ಳಬೇಕು. ನಿಂಬೆ ಗಾತ್ರದ ಹುಣಸೆಹಣ್ಣಿನ ರಸಕ್ಕೆ ಬೆಲ್ಲದ ಪುಡಿ ಎರಡು ಚಮಚ, ಸಾರಿನ ಪುಡಿ ಎರಡು ಚಮಚ, ಉಪ್ಪು ಸೇರಿಸಿ ಒಟ್ಟು ಎರಡು ಲೋಟದಷ್ಟು ಮಾಡಿ ಅವಲಕ್ಕಿಗೆ ಕಲಸಿ ಅರ್ಧ ಗಂಟೆ ಮುಚ್ಚಿಡಬೇಕು. ಆಮೇಲೆ ಕೈಯಲ್ಲಿ ಉದುರಿಸಿ ತೆಂಗಿನತುರಿ, ಹುರಿದ ಕಡಲೆಕಾಯಿ ಬೀಜ ಸೇರಿಸಬೇಕು. ಅಂಗಡಿಯ ಸಾರಿನ ಪುಡಿಯಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ಪೊಟ್ಟಣ ಓದಿ ನೋಡಬೇಕು.

ಪುರಿಯ ತಟ್ಟೆ. ಮೈಸೂರಿನ ಚುರುಮುರಿಯನ್ನು ಮನೆಯಲ್ಲಿ ಈರುಳ್ಳಿ, ಕ್ಯಾರೆಟ್ ಇಲ್ಲದೆ ಮಾಡಿಕೊಳ್ಳಬಹುದು. ಪುರಿ ಎರಡು ಸೇರು, ಹುರಿಗಡಲೆ ಒಂದು ಬಟ್ಟಲು, ಸೌತೆಕಾಯಿ, ಟೊಮ್ಯಾಟೊ, ಮಾವಿನಕಾಯಿ ಸಣ್ಣಗೆ ಹೆಚ್ಚಿದ್ದು, ಕೊಬ್ಬರಿಎಣ್ಣೆ ಒಂದು ಚಮಚ, ಖಾರದ ಪುಡಿ, ಉಪ್ಪು, ನಿಂಬೆರಸ. ಬೀದಿಯ ಚುರುಮುರಿಗೆ ಆಸೆಪಡುವ ಮಕ್ಕಳನ್ನು ಐದೂವರೆಗೆ ಮನೆಯಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಪದಾರ್ಥ ಇಲ್ಲ. ಇದು ಬೇಳೆಯ ದಿನದ ತಿಂಡಿ ಎಂಬುದು ನೆನಪಿರಲಿ.

ರಸಾಯನದ ದಿನ

ನಂಜನಗೂಡಿನ ಹೆಸರು ಹೇಳಿದರೆ ನೆನಪಾಗುವುದು ರಸಬಾಳೆ. ಪರಿಮಳ ಮತ್ತು ರುಚಿಗೆ ಹೆಸರಾದ ಈ ಹಣ್ಣಿಗೆ 2005–06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಣ್ಣಿನ ಮೂಲಕ ಹರಡುವ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗದಿಂದ ತೋಟಗಳು ಹಾಳಾಗಿ ಬೆಳೆಯುವವರ ಸಂಖ್ಯೆ ಬಹಳ ಕಡಿಮೆಯಾಗಿದೆ. ಹಾಗಾಗಿ ನಿಜವಾದ ರಸಬಾಳೆ ದಿನಾ ಸಿಗುವ ಹಣ್ಣಲ್ಲ. ಸಿಕ್ಕಿದ ದಿನ ರಸಾಯನ ಮಾಡಿದರೆ ಹಣ್ಣಿಗೆ ನ್ಯಾಯ ಸಲ್ಲಿಸಿದಂತೆ. ಉಳಿದ ದಿನ ಏಲಕ್ಕಿಬಾಳೆ ಸಾಕು.

ರಸಾಯನಕ್ಕೆ ಬಾಳೆಹಣ್ಣು ಎಂಟರಿಂದ ಹತ್ತು, ತೆಂಗಿನಕಾಯಿ ಒಂದು ಹೋಳು, ಬೆಲ್ಲದ ಪುಡಿ 150 ಗ್ರಾಂ, ಏಲಕ್ಕಿ ನಾಲ್ಕು, ತೆಳು ಅವಲಕ್ಕಿ 200 ಗ್ರಾಂ. ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಅರ್ಧ ಗಂಟೆ ಮೊದಲೇ ಕರಗಿಸಿ ಬಟ್ಟೆಯಲ್ಲಿ ಸೋಸಬೇಕು. ಮರಳು, ಇರುವೆ ಇದ್ದರೆ ಆಗಲೇ ಹೊರಗೆ ಬರುತ್ತದೆ. ತೆಂಗಿನತುರಿಯನ್ನು ಒಂದೂವರೆ ಲೋಟ ನೀರು ಹಾಕಿ ರುಬ್ಬಿ ಹಾಲು ಹಿಂಡಿಕೊಂಡು ಬೆಲ್ಲದ ನೀರು, ಏಲಕ್ಕಿ ಪುಡಿ ಸೇರಿಸಿ, ಹೆಚ್ಚಿದ ಹಣ್ಣು ಮತ್ತು ಅವಲಕ್ಕಿ ಬೆರೆಸಬೇಕು. ಸೆಕೆಯಲ್ಲಿ ಹಸಿ ತೆಂಗಿನಹಾಲು ಬೇಗ ಹಳಸುತ್ತದೆ. ಊಟದ ಹೊತ್ತಿಗೆ ಮಾತ್ರ ತೆಗೆದು ಅಂದೇ ಮುಗಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಾಳೆಯ ಬದಲು ಮಾವಿನಹಣ್ಣಿನ ಸೀಕರಣೆಯನ್ನೂ ಇದೇ ರೀತಿ ಮಾಡಬಹುದು.

ಹುರಿಹಿಟ್ಟು

ರಾಗಿ ಬೆಳೆಯುವ ಈ ಸೀಮೆಯ ಹಳೆಯ ಆಹಾರ ಹುರಿಹಿಟ್ಟು. ರಾಗಿಯನ್ನು ಅರಳಾಗುವಂತೆ ಹುರಿದು ಬೀಸಿರುವುದರಿಂದ ಮತ್ತೆ ಬೇಯಿಸುವ ಅಗತ್ಯವಿಲ್ಲ. 250 ಗ್ರಾಂ ಹುರಿಹಿಟ್ಟಿಗೆ 100 ಗ್ರಾಂ ಬೆಲ್ಲದ ಪುಡಿ, ತೆಂಗಿನತುರಿ, ಏಲಕ್ಕಿ ಸೇರಿಸಿ ಕಾಯಿಸಿ ಆರಿಸಿದ ಹಾಲು ಚಿಮುಕಿಸಿ ಕಲಸಿದರೆ ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಹಾಲು ಹೆಚ್ಚು ಹಾಕಿ ಗಂಜಿಯಂತೆ ಕೊಡಬಹುದು. ಸಿಹಿ ಬೇಡದವರು ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ ಹಾಕಿ ಕುಡಿಯಬಹುದು. ಒಂದು ಎಚ್ಚರಿಕೆ: ಅಂಗಡಿಯ ಹುರಿಹಿಟ್ಟಿನಲ್ಲಿ ಹುರಿಗಡಲೆ ಹಿಟ್ಟನ್ನು ಬೆರೆಸಿರುವುದುಂಟು. ಅಂಥದ್ದನ್ನು ಮಜ್ಜಿಗೆಗೆ ಹಾಕಿದರೆ ದ್ವಿದಳವಾಗುತ್ತದೆ. ಬರೀ ರಾಗಿಯದೇ ಎಂದು ಕೇಳಿ ಕೊಳ್ಳಬೇಕು.

ಅಷ್ಟಮಿ, ಚತುರ್ದಶಿಯಂದು ಹಸಿರು ಬಿಡುವ ಮನೆಗಳಿಗೂ ಹುರಿಹಿಟ್ಟು ಅನುಕೂಲ. ಆ ದಿನ ಮೊಸರವಲಕ್ಕಿ ಮಾಡುವುದಾದರೆ ಸೌತೆಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಬಿಟ್ಟು ಮೆಣಸು, ಜೀರಿಗೆ ಪುಡಿ ಹಾಕಿದರೆ ಸಾಕು.

ಕೊಳ್ಳುವಾಗ ನೋಡಬೇಕಾದದ್ದು

ಅವಲಕ್ಕಿ: ಬಿಸಿಲುಕಾಲದಲ್ಲಿ ಹುಳ ಬೇಗ ಬೀಳುತ್ತದೆ. ಒಂದು ಕಿಲೋಗಿಂತ ಹೆಚ್ಚು ಒಮ್ಮೆಲೇ ಕೊಳ್ಳಬಾರದು. ಮೂಸಿ ನೋಡಿದರೆ ಮುಗ್ಗಲು ವಾಸನೆ ಇರಬಾರದು, ತಳದಲ್ಲಿ ಪುಡಿ ಹೆಚ್ಚಿರಬಾರದು. ಮನೆಗೆ ತಂದ ಮೇಲೆ ಹಗಲು ಬೆಳಕಿನಲ್ಲಿ ಮೊರದಲ್ಲಿ ಕೇರಿ, ಜರಡಿ ಹಿಡಿದು ಡಬ್ಬಕ್ಕೆ ತುಂಬಬೇಕು. ಸಂಜೆಯ ಅವಸರದಲ್ಲಿ ಆರಿಸುವ ಕೆಲಸ ಇಟ್ಟುಕೊಳ್ಳಬಾರದು.

ಪುರಿ, ಹುರಿಗಡಲೆ: ಕೈಯಲ್ಲಿ ಹಿಚುಕಿದರೆ ಗರಿಗರಿಯಾಗಿ ಮುರಿಯಬೇಕು. ಹುರಿಗಡಲೆಯಲ್ಲಿ ಸಣ್ಣ ತೂತು ಕಂಡರೆ ಕೊಳ್ಳಬಾರದು.

ಬೆಲ್ಲ: ತೀರಾ ಹಳದಿಯಾಗಿ ಹೊಳೆಯುವ ಬೆಲ್ಲಕ್ಕಿಂತ ಕಂದು ಬಣ್ಣದ್ದು ಮೇಲು.

ಬಾಳೆಹಣ್ಣು: ಸಿಪ್ಪೆ ಪೂರ್ತಿ ಹಳದಿಯಾಗಿ ತೊಟ್ಟು ಮಾತ್ರ ಕಡುಹಸಿರಾಗಿದ್ದರೆ, ಒಳಗೆ ಗಟ್ಟಿಯಾಗಿದ್ದರೆ ಬಲವಂತವಾಗಿ ಹಣ್ಣು ಮಾಡಿರಬಹುದು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಎರಡು ದಿನ ಮೊದಲೇ ದೋರೆಗಾಯಿ ಚಿಪ್ಪು ತಂದು ಮನೆಯಲ್ಲಿ ತೂಗುಹಾಕುವುದು ಒಳ್ಳೆಯದು.

ಅಂಗಡಿ, ಕಾರ್ಖಾನೆ, ಬಸ್ಸಿನಲ್ಲಿರುವವರಿಗೆ

ಐದೂವರೆಗೆ ಮನೆಗೆ ಬರಲಾಗದವರು ಊಟವನ್ನೇ ಜೊತೆಗೆ ಒಯ್ಯಬೇಕಾಗುತ್ತದೆ. ಮೊಸರವಲಕ್ಕಿಯನ್ನು ಬೆಳಿಗ್ಗೆಯೇ ಕಲಸಿ ಸಂಜೆವರೆಗೆ ಡಬ್ಬಿಯಲ್ಲಿಟ್ಟರೆ ಈ ಸೆಕೆಯಲ್ಲಿ ಹುಳಿತು ಹೋಗುತ್ತದೆ. ನೆನೆಸಿದ ಬೇಳೆಯೂ ಅಷ್ಟೇ. ಬುತ್ತಿಗೆ ಒಣ ಪದಾರ್ಥವೇ ಸರಿ. ಒಂದು ಡಬ್ಬಿಯಲ್ಲಿ ತೆಳು ಅವಲಕ್ಕಿ, ಬೆಲ್ಲದ ಪುಡಿ, ಕೊಬ್ಬರಿತುರಿ, ಏಲಕ್ಕಿ ಬೆರೆಸಿದ್ದು. ಇನ್ನೊಂದರಲ್ಲಿ ಪುರಿ, ಹುರಿಗಡಲೆ, ಕಡಲೆಕಾಯಿ ಬೀಜ. ಜೊತೆಗೆ ಎರಡು ಬಾಳೆಹಣ್ಣು, ಒಂದು ಇಡೀ ಸೌತೆಕಾಯಿ, ಕುದಿಸಿದ ನೀರಿನ ಬಾಟಲಿ. ತಿನ್ನುವ ಹೊತ್ತಿಗೆ ಅವಲಕ್ಕಿಗೆ ನಾಲ್ಕು ಚಮಚ ನೀರು ಚಿಮುಕಿಸಿ ಐದು ನಿಮಿಷ ಬಿಟ್ಟರೆ ಊಟ ಸಿದ್ಧ. ಗಲ್ಲಾದ ಹಿಂದೆ ಕುಳಿತು ಗಿರಾಕಿಗಳ ನಡುವೆಯೇ ಹತ್ತು ನಿಮಿಷದಲ್ಲಿ ಮುಗಿಸಬಹುದು. ಅಂಗಡಿಯಲ್ಲಿ ಇಬ್ಬರಿದ್ದರೆ ಸರದಿಯ ಮೇಲೆ ಒಬ್ಬೊಬ್ಬರು ಏಳುವುದು ಇನ್ನೂ ಅನುಕೂಲ.

ದಾರಿಯಲ್ಲಿ ಎಳನೀರು ಸಿಕ್ಕರೆ ಅದಕ್ಕಿಂತ ನಿರ್ಮಲವಾದ ಪಾನೀಯವಿಲ್ಲ. ಕಬ್ಬಿನಹಾಲು ಕುಡಿಯುವವರು ಶುಂಠಿ, ಐಸ್ ಬೇಡ ಎಂದು ಮೊದಲೇ ಹೇಳಬೇಕು.

ನೀರು ಮತ್ತು ಆರೋಗ್ಯ

ರಾತ್ರಿ ನೀರನ್ನೂ ಬಿಡುವವರು ಬೇಸಿಗೆಯಲ್ಲಿ ಹೆಚ್ಚು ಜಾಗ್ರತೆ ವಹಿಸಬೇಕು. ಏಪ್ರಿಲ್ ತಿಂಗಳಲ್ಲಿ ಹಗಲಿನ ಉಷ್ಣಾಂಶ 35 ಡಿಗ್ರಿಯ ಆಸುಪಾಸು ಇರುತ್ತದೆ. ಸೂರ್ಯಾಸ್ತಕ್ಕೆ ಹತ್ತು ನಿಮಿಷ ಇರುವಾಗ ಒಂದೇ ಸಲ ಒಂದು ಲೀಟರ್ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ದೇಹಕ್ಕೆ ದಕ್ಕುವುದಿಲ್ಲ. ಮೂರು ಗಂಟೆಯಿಂದಲೇ ಅರ್ಧ ಗಂಟೆಗೊಮ್ಮೆ ಒಂದು ಲೋಟದಂತೆ ಕುಡಿಯುತ್ತ ಬರಬೇಕು. ಮೊಸರಿನ ದಿನ ನೀರುಮಜ್ಜಿಗೆ, ಬೇಳೆಯ ದಿನ ಬೆಲ್ಲ, ನಿಂಬೆ, ಮೆಣಸಿನ ಪಾನಕ, ಇನ್ನೊಂದು ದಿನ ಕರ್ಬೂಜದ ಪಾನಕ. ಸಂಜೆ ಉಪ್ಪಿನಕಾಯಿ, ಹಪ್ಪಳದಂಥ ಉಪ್ಪು ಹೆಚ್ಚಿರುವ ಪದಾರ್ಥ ತಿಂದರೆ ರಾತ್ರಿ ಬಾಯಾರಿಕೆ ಕಾಡುತ್ತದೆ. ಅವನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಬೇಕು.

ಸಕ್ಕರೆ ಕಾಯಿಲೆಯವರಿಗೆ ರಸಾಯನ, ಬೆಲ್ಲದ ಹುರಿಹಿಟ್ಟು ಹೊಂದುವುದಿಲ್ಲ. ಕೋಸಂಬರಿ ಹೆಚ್ಚು, ಅವಲಕ್ಕಿ ಕಡಿಮೆ ಎಂಬ ಹಾಗೆ ತಟ್ಟೆ ಹಾಕಬೇಕು. ಸಂಜೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತನ್ನು ಎಂಟರಿಂದ ಐದೂವರೆಗೆ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಔಷಧಿಯ ಹೊತ್ತನ್ನು ಅದಕ್ಕೆ ಹೊಂದಿಸದಿದ್ದರೆ ರಾತ್ರಿ ಸಕ್ಕರೆ ಇಳಿಯುವ ಅಪಾಯವಿದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು, ಗರ್ಭಿಣಿಯರು ನೀರಿನ ತ್ಯಾಗವನ್ನು ಗುರುಗಳು ಮತ್ತು ವೈದ್ಯರ ಸಲಹೆಯಿಲ್ಲದೆ ಮಾಡಬಾರದು. ನಿಯಮವನ್ನು ಶಕ್ತಿಗೆ ತಕ್ಕಂತೆ ಹಿಡಿಯುವ ದಾರಿ ಶ್ರಾವಕರಿಗೆ ಇದ್ದೇ ಇದೆ. ಅನ್ನವನ್ನು ಮಾತ್ರ ಬಿಟ್ಟು ನೀರು, ಔಷಧಿ ಇಟ್ಟುಕೊಳ್ಳುವವರು ಅನೇಕರಿದ್ದಾರೆ.

ಬೇಸಿಗೆಯ ಹಬ್ಬ ಮತ್ತು ಬೇಯಿಸದ ಆಹಾರ

ಈ ಕಾಲದಲ್ಲಿಯೇ ಚೈತ್ರ ಶುಕ್ಲ ತ್ರಯೋದಶಿಯ ಮಹಾವೀರ ಜಯಂತಿ, ವೈಶಾಖ ಶುಕ್ಲ ತದಿಗೆಯ ಅಕ್ಷಯ ತೃತೀಯ ಬರುತ್ತವೆ. ಭಗವಾನ್ ಋಷಭನಾಥರು ದೀರ್ಘ ಉಪವಾಸದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನಿಂದ ಸ್ವೀಕರಿಸಿದ ಮೊದಲ ಆಹಾರ ಕಬ್ಬಿನ ರಸ. ಅಕ್ಷಯ ತೃತೀಯದಂದು ವರ್ಷೀತಪದ ಪಾರಣೆಯನ್ನು ಕಬ್ಬಿನ ರಸದಿಂದಲೇ ಮಾಡುತ್ತಾರೆ. ಒಲೆಯ ಸಂಪರ್ಕವಿಲ್ಲದ ಆಹಾರವನ್ನು ಕಡಿಮೆ ದರ್ಜೆಯ ಊಟವೆಂದು ಎಣಿಸುವವರಿಗೆ ಇದನ್ನು ನೆನಪಿಸಬಹುದು. ಈ ದಿನಗಳಲ್ಲಿ ಬಸದಿಯ ಕಾರ್ಯಕ್ರಮ ಮುಗಿಸಿ ಸಂಜೆ ಮನೆಗೆ ಬರುವುದು ತಡವಾಗುತ್ತದೆ. ನೆಂಟರೂ ಇರುತ್ತಾರೆ. ಹತ್ತು ಜನಕ್ಕೆ ಒಂದು ಕಿಲೋ ಅವಲಕ್ಕಿ, ಅರ್ಧ ಕಿಲೋ ಹೆಸರುಬೇಳೆ, ಎರಡು ಚಿಪ್ಪು ಬಾಳೆಹಣ್ಣು ಇದ್ದರೆ ಯಾರನ್ನೂ ಒಲೆಯ ಮುಂದೆ ನಿಲ್ಲಿಸದೆ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಬಡಿಸಬಹುದು.

ವಾರದ ಪಟ್ಟಿ

ಸೋಮವಾರ: ಮೊಸರವಲಕ್ಕಿ, ಹಣ್ಣು, ನೀರುಮಜ್ಜಿಗೆ.
ಮಂಗಳವಾರ: ಕೋಸಂಬರಿ, ಹುಳಿ ಅವಲಕ್ಕಿ, ನಿಂಬೆ ಪಾನಕ.
ಬುಧವಾರ: ಬಾಳೆಹಣ್ಣಿನ ರಸಾಯನ, ಅವಲಕ್ಕಿ.
ಗುರುವಾರ: ಬರೀ ರಾಗಿಯ ಹುರಿಹಿಟ್ಟು, ಮಜ್ಜಿಗೆ, ಸೌತೆಕಾಯಿ.
ಶುಕ್ರವಾರ: ಪುರಿಯ ತಟ್ಟೆ, ಕೋಸಂಬರಿ, ಕರ್ಬೂಜದ ಪಾನಕ.
ಶನಿವಾರ: ಮಾವಿನಹಣ್ಣಿನ ಸೀಕರಣೆ, ಹಾಲು ಹಾಕಿದ ಹುರಿಹಿಟ್ಟು.
ಭಾನುವಾರ: ಎಲ್ಲರೂ ಮನೆಯಲ್ಲಿರುವುದರಿಂದ ಎಂದಿನ ಅಡುಗೆ, ಹೊತ್ತಿಗೆ ಮುಂಚೆ.

ಏಳು ದಿನವೂ ಒಮ್ಮೆಲೇ ಆಗದಿದ್ದರೆ ವಾರಕ್ಕೆ ಎರಡು ದಿನದಿಂದ ಶುರು ಮಾಡಬಹುದು. ಮನೆಯವರೆಲ್ಲ ಒಂದೇ ಹೊತ್ತಿಗೆ, ಹಗಲು ಬೆಳಕಿನಲ್ಲಿ, ಒಟ್ಟಿಗೆ ಕುಳಿತು ಉಣ್ಣುವ ಆ ಎರಡು ದಿನ ನಡೆದುಬಿಟ್ಟರೆ ಮೂರನೆಯ ದಿನವನ್ನು ಮಕ್ಕಳೇ ಕೇಳುತ್ತಾರೆ. ಅಡುಗೆ ಮಾಡುವವರಿಗೂ ಬೇಸಿಗೆಯ ಸಂಜೆ ಒಂದು ಗಂಟೆ ಬಿಡುವು ಸಿಗುತ್ತದೆ. ಸಾಮಾಯಿಕಕ್ಕೆ ಬೇಕಾದದ್ದು 48 ನಿಮಿಷ.